ಒಡಂಬಡಿಕೆಗೆ ಸಹಿ ಬಿದ್ದ ಮರುದಿನ

ಊರಿನ ಪತ್ರಿಕೆಯ ಪುಟ ತಿರುವುತ್ತಿದ್ದಾಗ ಈಚೆಗೆ ಒಂದು ಫೋಟೊ ಕಣ್ಣಿಗೆ ಬಿತ್ತು. ನಮ್ಮ ಕಡೆಯ ವಿಶ್ವವಿದ್ಯಾನಿಲಯವೊಂದು ಹೊರದೇಶದ ಇನ್ನೊಂದರ ಜೊತೆ ಒಡಂಬಡಿಕೆ ಮಾಡಿಕೊಂಡಿದೆ. ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಹಿಂದೆ ಬ್ಯಾನರ್, ಮುಂದೆ ತೆರೆದು ಹಿಡಿದ ಫೈಲುಗಳು. ಸಂತೋಷಪಡಬೇಕಾದ ಸುದ್ದಿಯೇ. ಆದರೂ ನನ್ನ ಎದೆ ಚುರುಕ್ಕೆಂದಿತು. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾನು ಅದೇ ವಾರ, ಪೂರ್ವ ಉಕ್ರೇನಿನಲ್ಲಿರುವ ನಮ್ಮ ಪಾಲುದಾರ ವಿಶ್ವವಿದ್ಯಾನಿಲಯದ ಅಧ್ಯಾಪಕರ ಖಾತೆಗಳನ್ನು ನವೀಕರಿಸುತ್ತ ಕೂತಿದ್ದೆ. ಆ ಪಾಲುದಾರಿಕೆಗೆ ಸಹಿ ಬಿದ್ದ ದಿನ ಯಾರಿಗೂ ಶಾಲು ಹೊದಿಸಿರಲಿಲ್ಲ. ವಿಡಿಯೊ ಕರೆಯಲ್ಲಿ ಎರಡೂ ಕಡೆಯವರು ಕಾಗದಕ್ಕೆ ಸಹಿ ಹಾಕಿ ತೋರಿಸಿದರು, ಅಷ್ಟೆ. ಮರುದಿನ ಬೆಳಿಗ್ಗೆ ನನ್ನ ಮೇಜಿಗೆ ಒಂದು ಪಟ್ಟಿ ಬಂದಿತ್ತು. ಇವರಿಗೆಲ್ಲ ಗ್ರಂಥಾಲಯದ ಪ್ರವೇಶ ಕೊಡಿ, ಇವತ್ತೇ ಶುರುಮಾಡಿ ಎಂದು.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ಶುರುಮಾಡಿತು. ಕೆಲವೇ ತಿಂಗಳಲ್ಲಿ ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳು ಅಲ್ಲಿಯ ವಿಶ್ವವಿದ್ಯಾನಿಲಯಗಳೊಂದಿಗೆ ಒಂದಕ್ಕೊಂದು ಜೊತೆಯಾಗತೊಡಗಿದವು. ಕೇಂಬ್ರಿಜ್‌ಗೆ ಖಾರ್ಕಿವ್‌ನ ಕರಾಜಿನ್ ವಿಶ್ವವಿದ್ಯಾನಿಲಯ, ಸಸೆಕ್ಸ್‌ಗೆ ಸೂಮಿಯದ್ದು, ಗ್ಲಾಸ್ಗೋಗೆ ಕೀವ್-ಮೊಹಿಲಾ ಅಕಾಡೆಮಿ. ಹೀಗೆ ಸೇರಿದ ಜೋಡಿಗಳ ಸಂಖ್ಯೆ ನೂರನ್ನು ದಾಟಿತು. ಉಕ್ರೇನಿನ ಈ ಸಂಸ್ಥೆಗಳು ಸಣ್ಣವಲ್ಲ. ಕರಾಜಿನ್ 1804ರಲ್ಲಿ ಹುಟ್ಟಿದ್ದು, ನೊಬೆಲ್ ಪಡೆದ ಇಲ್ಯಾ ಮೆಚ್ನಿಕೋವ್ ಓದಿದ ಜಾಗ. ಕೀವ್-ಮೊಹಿಲಾದ ಬೇರು 1615ರವರೆಗೆ ಹೋಗುತ್ತದೆ. ರಷ್ಯಾದ ಚಕ್ರಾಧಿಪತ್ಯ ಅದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮುಚ್ಚಿಸಿತ್ತು, ಮತ್ತೆ ಸ್ಥಾಪನೆಯಾದದ್ದು 1991ರಲ್ಲಿ.

ಯುದ್ಧ ನಡೆಯುವ ದೇಶದಲ್ಲಿ ಒಂದು ವಿಶ್ವವಿದ್ಯಾನಿಲಯ ಹೇಗೆ ಉಳಿಯುತ್ತದೆ ಎಂದು ನಾನು ಮೊದಲು ಯೋಚಿಸಿದವನಲ್ಲ. ದೊನೆಟ್ಸ್ಕ್‌ನ ವಿಶ್ವವಿದ್ಯಾನಿಲಯ 2014ರಲ್ಲೇ ಊರು ಬಿಟ್ಟು ವಿನ್ನಿತ್ಸಿಯಾಗೆ ಹೋಯಿತು. 2022ರಲ್ಲಿ ಮರಿಯುಪೋಲ್‌ನದು ಕೀವ್‌ಗೆ ಹೋಯಿತು, ಖೆರ್ಸಾನ್‌ನದು ಇವಾನೊ-ಫ್ರಾಂಕಿವ್‌ಸ್ಕ್‌ಗೆ. ಕಟ್ಟಡ ಹೋಯಿತು, ಪ್ರಯೋಗಾಲಯ ಹೋಯಿತು, ಪುಸ್ತಕ ಹೋದವು. ಉಳಿದದ್ದು ವಿದ್ಯಾರ್ಥಿಗಳ ದಾಖಲಾತಿ, ಪಾಠ ಹೇಳುವವರು, ಪದವಿ ಕೊಡುವ ಹಕ್ಕು. ಅದರಿಂದಲೇ ಈ ಜೋಡಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಒಂದು ಸಂಯಮ. ಅಲ್ಲಿಯ ವಿದ್ಯಾರ್ಥಿ ಇಲ್ಲಿಗೆ ಬಂದು ಒಂದು ಅವಧಿ ಓದಿದರೂ ಅವಳ ಹೆಸರು ಅಲ್ಲಿಯ ದಾಖಲಾತಿಯಲ್ಲೇ ಇರುತ್ತದೆ. ಇಲ್ಲಿ ಗಳಿಸಿದ ಕ್ರೆಡಿಟ್ ಅಲ್ಲಿಗೆ ಹೋಗುತ್ತದೆ. ಅಂಕಪಟ್ಟಿ ಅಲ್ಲಿಯದು, ಪದವಿಯೂ ಅಲ್ಲಿಯದು. ಒಳ್ಳೆಯ ಮಕ್ಕಳನ್ನೆಲ್ಲ ಈ ಕಡೆ ಎಳೆದುಕೊಂಡರೆ ಅಲ್ಲಿಯ ತರಗತಿ ಖಾಲಿಯಾಗುತ್ತದೆ, ತರಗತಿ ಖಾಲಿಯಾದ ಮೇಲೆ ಅದನ್ನು ವಿಶ್ವವಿದ್ಯಾನಿಲಯ ಎಂದು ಕರೆಯುವುದು ಹೇಗೆ? ಯುದ್ಧದ ಕಾನೂನಿನಡಿ ಬಹುತೇಕ ಗಂಡಸರು ದೇಶ ಬಿಟ್ಟು ಬರುವಂತೆಯೂ ಇರಲಿಲ್ಲ. ಹಾಗಾಗಿ ಕೂತಲ್ಲಿಗೇ ಪಾಠ ತಲುಪಬೇಕು, ಪುಸ್ತಕ ತಲುಪಬೇಕು.

ಪುಸ್ತಕ ತಲುಪಿಸುವುದು ನನ್ನ ಕೆಲಸ. ಅದು ಗುಂಡಿ ಒತ್ತಿದಷ್ಟು ಸುಲಭವಲ್ಲ. ವಿಜ್ಞಾನ ಪತ್ರಿಕೆಗಳನ್ನು ಪ್ರಕಾಶಕರು ನಮ್ಮ ಸಿಬ್ಬಂದಿಗೆ, ನಮ್ಮ ವಿದ್ಯಾರ್ಥಿಗಳಿಗೆ ಎಂದು ಎಣಿಸಿ ಕೊಟ್ಟಿರುತ್ತಾರೆ. ಹೊರಗಿನವರಿಗೆ ತೆರೆದರೆ ಪರವಾನಗಿ ಮುರಿದಂತೆ. ಅದಕ್ಕೆ ವಿಭಾಗದವರು ಒಂದು ದಾರಿ ಹುಡುಕಿದರು. ಅಲ್ಲಿಯ ಅಧ್ಯಾಪಕರನ್ನು ನಮ್ಮ ಗೌರವ ಸಂದರ್ಶಕರೆಂದು ನೇಮಿಸಿಕೊಂಡರು. ಅರ್ಜಿಯಲ್ಲಿ ಮನೆಯ ವಿಳಾಸ ಬರೆಯುವ ಅಂಕಣ ಒಂದಿತ್ತು. ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕಿ ಅದನ್ನು ಖಾಲಿ ಬಿಟ್ಟು ಕಳುಹಿಸಿದ್ದರು. ಕೇಳಿದಾಗ, ತಮ್ಮ ಮನೆ ಇದ್ದ ಊರು ಈಗ ರಷ್ಯಾದ ಸೇನೆಯ ಕೈಯಲ್ಲಿದೆ, ತಾವು ತಂಗಿಯ ಮನೆಯಲ್ಲಿದ್ದೇವೆ, ಅದೂ ಎಷ್ಟು ದಿನವೋ ತಿಳಿಯದು ಎಂದರು. ನಮ್ಮ ವಿಭಾಗದ ಕಾರ್ಯದರ್ಶಿ, ನಿವೃತ್ತಿಯ ಹತ್ತಿರ ಇರುವ ಹೆಂಗಸು, ಆ ಅಂಕಣದಲ್ಲಿ ತಮ್ಮದೇ ಕಚೇರಿಯ ವಿಳಾಸ ತುಂಬಿ ಅರ್ಜಿಯನ್ನು ನನಗೆ ದಾಟಿಸಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಮೇಲೂ ಅದನ್ನು ಯಾರೂ ತಪ್ಪೆನ್ನಲಿಲ್ಲ.

ಆ ಅಧ್ಯಾಪಕಿಯ ಪಾಠವನ್ನು ಒಮ್ಮೆ ಕೇಳಿದ್ದೇನೆ. 2022ರ ಅಕ್ಟೋಬರಿನಿಂದ ವಿದ್ಯುತ್ ಜಾಲದ ಮೇಲೆ ಕ್ಷಿಪಣಿ ಬೀಳಲು ಶುರುವಾದ ಮೇಲೆ ಅವರ ತರಗತಿಯ ವೇಳಾಪಟ್ಟಿಯ ಪಕ್ಕದಲ್ಲೇ ಕರೆಂಟ್ ಹೋಗುವ ವೇಳಾಪಟ್ಟಿಯೂ ಇರುತ್ತಿತ್ತು. ಲೋಡ್ ಶೆಡ್ಡಿಂಗ್ ನೋಡಿ ಬೆಳೆದ ನನಗೆ ಅದು ಗುರುತಿನ ಸಂಗತಿ, ಆದರೆ ಮುಂದಿನದು ಅಲ್ಲ. ಮಾತಿನ ನಡುವೆ ಮೊಬೈಲ್ ಸೈರನ್ ಕೂಗಿತು. ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ಕಿಟಕಿಯಿಲ್ಲದ ನಡುಮನೆಗೆ ಹೋದರು. ಹೊರಗಿಗೂ ನಮಗೂ ನಡುವೆ ಎರಡು ಗೋಡೆ ಇರಬೇಕು ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತಿರುವ ನಿಯಮ. ಅಲ್ಲಿ ನೆಲದ ಮೇಲೆ ಕೂತು, ನಿಲ್ಲಿಸಿದ್ದ ಸಮೀಕರಣದಿಂದಲೇ ಪಾಠ ಮುಂದುವರಿಸಿದರು. ಇಂಥವರಿಗೆ ಒಂದು ಲಾಗಿನ್ ಕೊಡಲು ನಾವು ತಿಂಗಳುಗಟ್ಟಲೆ ಕಡತ ತಿರುಗಿಸಿದ್ದರೆ ಯಾವ ಮುಖ ಇಟ್ಟುಕೊಂಡು ಮಾತನಾಡಬೇಕಿತ್ತು?

ನಾನು ಓದಿದ ಕಡೆ ಹೀಗಿರಲಿಲ್ಲ. ಅಲ್ಲೂ ಹೊರದೇಶದ ಒಡಂಬಡಿಕೆಗಳಿದ್ದವು, ಚೌಕಟ್ಟು ಹಾಕಿಸಿ ಮೊಗಸಾಲೆಯಲ್ಲಿ ತೂಗುಹಾಕಿದ್ದರು. ಅವುಗಳಿಂದ ಒಂದು ಪುಸ್ತಕ ಬಂದದ್ದಾಗಲಿ, ಒಬ್ಬ ವಿದ್ಯಾರ್ಥಿ ಹೋದದ್ದಾಗಲಿ ನಾನಿದ್ದಷ್ಟು ಕಾಲ ನೋಡಲಿಲ್ಲ. ಪಕ್ಕದ ಜಿಲ್ಲೆಯ ವಿಶ್ವವಿದ್ಯಾನಿಲಯಕ್ಕೆ ಸೇರಬೇಕಾದ ಗೆಳೆಯ ಒಂದು ವಲಸೆ ಪ್ರಮಾಣಪತ್ರಕ್ಕಾಗಿ ಕಿಟಕಿಯಿಂದ ಕಿಟಕಿಗೆ ಅಲೆದ. ಮೂಲ ಅಂಕಪಟ್ಟಿ ತಾ, ಖುದ್ದಾಗಿ ಬಾ, ನಾಳೆ ಬಾ. ಕೊಡುವ ಮನಸ್ಸಿದ್ದ ಗುಮಾಸ್ತರಿಗೂ ಕೊಡುವ ಅಧಿಕಾರ ಇರಲಿಲ್ಲ. ನನ್ನ ಮಾತೆಲ್ಲ ಈ ಒಂದು ವ್ಯತ್ಯಾಸಕ್ಕೇ ಬಂದು ನಿಲ್ಲುತ್ತದೆ. ಇಲ್ಲಿ ಕುಲಪತಿ ಸಹಿ ಹಾಕಿದರೆ, ಆ ಸಹಿಯ ಬಲ ಮರುದಿನ ಮೇಜಿನ ಮುಂದೆ ಕೂತವರ ಕೈಗೂ ಬರುತ್ತದೆ. ನಮ್ಮಲ್ಲಿ ಅದು ವೇದಿಕೆಯಿಂದ ಕೆಳಗಿಳಿಯುವುದೇ ಇಲ್ಲ. ಸಿಂಡಿಕೇಟ್ ಒಪ್ಪಬೇಕು, ಸುತ್ತೋಲೆ ಬರಬೇಕು, ಆಮೇಲೂ ಕುಲಸಚಿವರ ಟಿಪ್ಪಣಿ ಇಲ್ಲದೆ ಯಾರೂ ಕೈ ಎತ್ತುವುದಿಲ್ಲ.

ಇದಕ್ಕೆ ನಾವು ತೆತ್ತ ಬೆಲೆ ಎಲ್ಲರಿಗೂ ಗೊತ್ತು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯನ್ನು ಯಾರೂ ಮರೆತಿಲ್ಲ. ಪಿಯುಸಿಯಲ್ಲಿ ಶೇ. 97 ತೆಗೆದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಅಂದು ಹೇಳಿದ್ದರು. ಆ ತಂದೆತಾಯಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಕಲಿಕೆಗೆ ಅವರಿಗಿಂತ ಹೆಚ್ಚು ಕೊಟ್ಟವರನ್ನು ನಾನು ಕಂಡಿಲ್ಲ. ಆದರೆ ಜೀವ ಉಳಿಸಿಕೊಂಡು ಮರಳಿದ ಉಳಿದ ಸಾವಿರಾರು ಮಕ್ಕಳಿಗೆ ನಮ್ಮ ವ್ಯವಸ್ಥೆ ಏನು ಕೊಟ್ಟಿತು? ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ, ಇವರನ್ನು ಇಲ್ಲಿಯ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದಿತು. ನೀಟ್‌ನಲ್ಲಿ ಅಂಕ ಕಡಿಮೆ ಬಂದದ್ದರಿಂದ, ಅಲ್ಲಿ ಖರ್ಚು ಕಡಿಮೆ ಇದ್ದದ್ದರಿಂದ ಇವರು ಹೊರದೇಶಕ್ಕೆ ಹೋದವರು ಎಂದೂ ಸೇರಿಸಿತು. ಬಾಂಬಿನ ಸದ್ದಿನಿಂದ ಓಡಿ ಬಂದ ಹುಡುಗಿಗೆ ನೀಟ್ ಅಂಕ ನೆನಪಿಸಿದ ಆ ಮಾತು ನನಗೆ ಈಗಲೂ ನೋವು ಕೊಡುತ್ತದೆ. ಅದೇ ತಿಂಗಳು ರಾಷ್ಟ್ರೀಯ ವೈದ್ಯಕೀಯ ಆಯೋಗ, ಅವರು ಬೇರೆ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಓದು ಮುಂದುವರಿಸಿ ಉಕ್ರೇನಿನ ಪದವಿಯನ್ನೇ ಪಡೆಯಬಹುದು ಎಂದು ಒಪ್ಪಿತು. ಅಂದರೆ ಈ ಜೋಡಿಗಳ ಮೂಲತತ್ವ ನಮ್ಮವರಿಗೂ ಅರ್ಥವಾಗಿತ್ತು. ಎರವಲು ತರಗತಿ ಜಗತ್ತಿನ ಬೇರೆಲ್ಲೋ ಇರಬಹುದು, ನಮ್ಮ ಊರಿನಲ್ಲಿ ಮಾತ್ರ ಕೂಡದು!

ಬೆಂಗಳೂರಿಗೆ ಇಂಥದೊಂದು ಅವಕಾಶ ಬಹಳ ಹಿಂದೆಯೂ ಬಂದಿತ್ತು. ಹಿಟ್ಲರನ ಜರ್ಮನಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಹೊರದಬ್ಬಿದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಬಾರ್ನ್‌ರನ್ನು ಇಲ್ಲಿಗೆ ಕರೆಸಿಕೊಂಡರು. 1935-36ರಲ್ಲಿ ಬಾರ್ನ್ ಆರು ತಿಂಗಳ ಮಟ್ಟಿಗೆ ಬೆಂಗಳೂರಿನಲ್ಲಿದ್ದರು. ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಲು ರಾಮನ್ ಹೋರಾಡಿದರು. ಸಭೆಯಲ್ಲಿ ಒಬ್ಬ ಪ್ರಾಧ್ಯಾಪಕರು ಎದ್ದು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದ ಮಾತಾಡಿದರು. ಹುದ್ದೆ ಸಿಗಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಬಂದರು, 1954ರಲ್ಲಿ ನೊಬೆಲ್ ಪಡೆದರು. ಎಡಿನ್‌ಬರೋದಲ್ಲಿ ಅವರ ಹೆಸರು ಕೇಳಿದಾಗಲೆಲ್ಲ ಈತ ಮಲ್ಲೇಶ್ವರದ ರಸ್ತೆಗಳಲ್ಲಿ ಓಡಾಡಿಕೊಂಡು ಇರಬಹುದಿತ್ತಲ್ಲ ಎನಿಸುತ್ತದೆ.

ನಮ್ಮ ಜನಕ್ಕೆ ಕೊಡುವುದು ಗೊತ್ತಿಲ್ಲದೆ ಹೀಗಾಗಿದ್ದರೆ ನಾನು ಇಷ್ಟು ಬೇಸರಪಡುತ್ತಿರಲಿಲ್ಲ. ನನ್ನ ಅಜ್ಜ ವಾರಾನ್ನದ ಮೇಲೆ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅನ್ನ ಹಾಕಿದ ಯಾವ ಮನೆಯೂ ಹುಡುಗನನ್ನು ತನ್ನವನೆಂದು ಬರೆಸಿಕೊಳ್ಳಲಿಲ್ಲ. ಈ ಜೋಡಿ ವಿಶ್ವವಿದ್ಯಾನಿಲಯಗಳನ್ನು ನೋಡಿದಾಗ ನನಗೆ ನೆನಪಾಗುವುದು ಆ ಮನೆಗಳೇ. ಜಾತಿ ನೋಡಿ ಬಡಿಸಿದ ಮನೆಗಳೇ ಹೆಚ್ಚು ಎಂಬುದನ್ನೂ ಮರೆತಿಲ್ಲ. ಆದರೆ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ ಕೊಟ್ಟು ಓದಿಸಿದ ಸಿದ್ಧಗಂಗೆಯೂ ನಮ್ಮದೇ ನಾಡಿನಲ್ಲಿದೆ.

ಇಷ್ಟು ಹೇಳಿದ ಮೇಲೆ ಕೆಲವನ್ನು ಒಪ್ಪಿಕೊಳ್ಳಲೇಬೇಕು. ಬಾರ್ನ್ ವಿರುದ್ಧ ಆ ಮಾತಾಡಿದವರು ಕನ್ನಡಿಗರಲ್ಲ, ಭಾರತೀಯರೂ ಅಲ್ಲ, ಎಲೆಕ್ಟ್ರಿಕಲ್ ವಿಭಾಗದ ಇಂಗ್ಲಿಷ್ ಪ್ರಾಧ್ಯಾಪಕರು. ಬಾಗಿಲು ತೆರೆಯಲು ಹೆಣಗಿದವರು ರಾಮನ್. 2021ರಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹತ್ತಾರು ಅಫ್ಘನ್ ವಿದ್ಯಾರ್ಥಿಗಳಿದ್ದರು. ಕುಲಪತಿಗಳೇ ಅವರಿಗೆ ಧೈರ್ಯ ಹೇಳಿದ್ದು ಸುದ್ದಿಯಾಗಿತ್ತು. ಇನ್ನು ಬ್ರಿಟನ್ ಉಕ್ರೇನಿಗೆ ತೆರೆದಷ್ಟು ಅಗಲವಾಗಿ ಎಲ್ಲರಿಗೂ ಬಾಗಿಲು ತೆರೆದಿಲ್ಲ. 2023ರಿಂದ ಯುದ್ಧದಲ್ಲಿ ನುಚ್ಚುನೂರಾಗುತ್ತಿರುವ ಸೂಡಾನಿನ ವಿಶ್ವವಿದ್ಯಾನಿಲಯಗಳಿಗೆ ಇಂಥ ನೂರು ಜೋಡಿ ಸಿಗಲಿಲ್ಲ. ಖಾರ್ತೂಮಿನ ಅಧ್ಯಾಪಕರ ಪಟ್ಟಿ ನನ್ನ ಮೇಜಿಗೆ ಬಂದಿಲ್ಲ. ಏಕೆ ಬಂದಿಲ್ಲ ಎಂದು ಇಲ್ಲಿಯ ಸಭೆಗಳಲ್ಲಿ ಕೇಳಿದ್ದೇನೆ, ನೇರ ಉತ್ತರ ಸಿಕ್ಕಿಲ್ಲ.

ನಿವೃತ್ತರಾಗಿರುವ ನನ್ನ ಗಣಿತದ ಮೇಷ್ಟರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. "ಅಲ್ಲಪ್ಪಾ, ನಮ್ಮವರು ಮಾಡುವುದಿಲ್ಲ ಎನ್ನುತ್ತೀಯಲ್ಲ, ಮಾಡಲು ನಿಯಮ ಎಲ್ಲಿದೆ?" ಎಂದರು. ಇದೆ ಸರ್ ಎಂದೆ. 2022ರ ಮೇ ತಿಂಗಳಲ್ಲಿ, ಹಾವೇರಿಯ ಹುಡುಗ ಸತ್ತು ಎರಡು ತಿಂಗಳಾದ ಮೇಲೆ, ಯುಜಿಸಿ ಹೊರದೇಶದ ವಿಶ್ವವಿದ್ಯಾನಿಲಯಗಳ ಜೊತೆ ಸೇರಿ ಪಾಠ ಹೇಳಲು ಹೊಸ ನಿಯಮಾವಳಿ ಹೊರಡಿಸಿತು. ಜಾಗತಿಕ ಶ್ರೇಯಾಂಕದ ಮೊದಲ ಸಾವಿರದೊಳಗಿನ ಸಂಸ್ಥೆಯಾದರೆ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯಿಂದ ಒಳ್ಳೆಯ ಅಂಕ ಪಡೆದ ನಮ್ಮ ವಿಶ್ವವಿದ್ಯಾನಿಲಯಗಳು ಪ್ರತ್ಯೇಕ ಅನುಮತಿಗೆ ಕಾಯಬೇಕಿಲ್ಲ. ಆಗ ಕರಾಜಿನ್ ಆ ಸಾವಿರದೊಳಗೇ ಇತ್ತು. ವೈದ್ಯಕೀಯಕ್ಕೆ ಬೇರೆ ಕಾನೂನು ಇರಲಿ, ಗಣಿತಕ್ಕೆ ಏನು ಅಡ್ಡಿ? ಕೀವ್ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ ಹಿಂದೆ. ಅಲ್ಲಿಯ ಬೆಳಗಿನ ಹತ್ತು ಗಂಟೆಯ ತರಗತಿ ನಮ್ಮವರಿಗೆ ಊಟ ಮುಗಿಸಿ ಕೂರುವ ಹೊತ್ತು.

ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀಜಗಣಿತ ನಾನೇ ಹೇಳಬಲ್ಲೆ. ಯಾರಿಗೆ ಬರೆಯಬೇಕು, ವಿಳಾಸ ಕಳುಹಿಸು" ಎಂದರು. ಕಳುಹಿಸಿದ್ದೇನೆ. ಅವರು ಮೂವತ್ತು ವರ್ಷ ದುಡಿದ ವಿಭಾಗದ ಈಗಿನ ಮುಖ್ಯಸ್ಥರಿಗೂ ಅದರ ಪ್ರತಿ ಹಾಕಿದ್ದೇನೆ.