ಪೈಲಟ್ ಬಂದರು, ರನ್‌ವೇ ಇರಲಿಲ್ಲ

ನಮ್ಮ ಶಿವಮೊಗ್ಗದ ಸೋಗಾನೆಗೆ 2023ರ ಫೆಬ್ರವರಿಯಲ್ಲೇ ವಿಮಾನ ನಿಲ್ದಾಣ ಬಂತು. ರನ್‌ವೇ 3.2 ಕಿಲೋಮೀಟರ್ ಉದ್ದ. ಹೊಸನಗರ ಕಡೆಯ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರೀ ಒಂದೂವರೆ. ಆ ರನ್‌ವೇಯಲ್ಲಿ ಅರ್ಧ ಕತ್ತರಿಸಿ ಕೊಟ್ಟಿದ್ದರೂ ಸಾಕಿತ್ತು, ಅಗಲವೂ ಅಷ್ಟು ಬೇಡ, ಒಂದು ಆಂಬುಲೆನ್ಸ್ ಹಿಡಿಸಿದರೆ ಆಯಿತು.

ಮೊನ್ನೆ ಮಳೆಯಲ್ಲಿ ದೊಡ್ಡಪ್ಪ ಅಂಗಳದ ಹಾವಸೆ ಮೇಲೆ ಜಾರಿ ಬಿದ್ದರು. ಬಲಗಾಲು ಗಿಡ್ಡವಾದಂತೆ ಕಾಣುತ್ತಿತ್ತು, ಪಾದ ಹೊರಕ್ಕೆ ತಿರುಗಿತ್ತು. ತೋಟದಿಂದ ಓಡಿಬಂದವರೆಲ್ಲ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಡಾಕ್ಟರಾಗಿದ್ದರು. ಒಬ್ಬರಿಗೆ ಕಾಲು ಎಳೆದು ಕೂರಿಸಬೇಕು, ಇನ್ನೊಬ್ಬರಿಗೆ ಎಣ್ಣೆ ತಿಕ್ಕಬೇಕು, ದೊಡ್ಡಮ್ಮನಿಗೆ ಬಿಸಿ ಕಾಫಿ ಕುಡಿಸಬೇಕು. ನಾನು ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಒಂದೇ ಒಂದು ನೇರಳೆ ಮರದ ಬುಡದಲ್ಲಿ ನಿಂತು 108ಕ್ಕೆ ಫೋನ್ ಮಾಡಿದೆ.

ಗಾಡಿ ಬಂತು. ಡಾಂಬರು ಮುಗಿಯುವ ತನಕ. ಅಲ್ಲಿಂದಾಚೆ ಹಳ್ಳ, ಅದಕ್ಕೆ ಎರಡು ಅಡಿಕೆ ಮರ ಜೋಡಿಸಿದ ಸಂಕ. ಸಿಬ್ಬಂದಿ ಇಬ್ಬರೂ ರೋಗಿಯನ್ನು ಮಲಗಿಸುವ ಬೋರ್ಡು, ಚೀಲ ಹೊತ್ತು, ಉಂಬಳ ಹತ್ತಿಸಿಕೊಂಡು ನಡೆದೇ ಬಂದರು. ಅವರಲ್ಲೊಬ್ಬಳು ಹುಡುಗಿ, ಮೊದಲು ಕಿತ್ತುಕೊಂಡಿದ್ದು ಕಾಫಿ ಲೋಟ. "ಆಪರೇಷನ್ ಬೇಕಾಗಬಹುದು, ಹೊಟ್ಟೆಗೆ ಏನೂ ಕೊಡಬೇಡಿ. ಕಾಲು ಎಳೀಬೇಡಿ. ಅಜ್ಜಾ, ಬೆರಳು ಆಡಿಸಿ ನೋಡೋಣ." ಕುತ್ತಿಗೆಗೆ ಕಾಲರ್ ಹಾಕಿದಳು. ಎರಡು ಕಾಲಿನ ಮಧ್ಯೆ ನಮ್ಮದೇ ಕಂಬಳಿ ಮಡಚಿಟ್ಟು, ಸೇರಿಸಿ ಕಟ್ಟಿದಳು. ಐದೇ ನಿಮಿಷ, ಡಾಕ್ಟರುಗಳೆಲ್ಲ ಗಪ್‌ಚಿಪ್.

ನಮ್ಮ ರಸ್ತೆಗೆ ಏನೂ ಆಗಿಲ್ಲ ಅಂತ ಸುಮ್ನೆ ದೂರಬಾರದು. ಮೂರು ಸಲ ಗುದ್ದಲಿ ಪೂಜೆ ಆಗಿದೆ. ಶಾಮಿಯಾನ ಹಾಕಲು ಸಪಾಟು ಮಾಡಿದ ಜಾಗ ಈಗಲೂ ಸಪಾಟಾಗೇ ಇದೆ, ದೊಡ್ಡಪ್ಪನನ್ನು ಬೋರ್ಡಿನ ಮೇಲೆ ಹೊತ್ತ ಆರು ಜನ ಹೆಗಲು ಬದಲಿಸಲು ನಿಂತಿದ್ದು ಅಲ್ಲೇ. ಮೆಂಬರ್ ಕೂಡ ಬಂದಿದ್ದರು, ಜೊತೆಗೆ ಕೊಡೆ ಹಿಡಿದು ನಡೆದರು. ಕೊಡೆ ಅವರ ತಲೆ ಮೇಲೇ ಇತ್ತು ಅನ್ನುವುದು ಬೇರೆ ಮಾತು. "ಮುಂದಿನ ವರ್ಷ ಗ್ಯಾರಂಟಿ" ಅಂದರು. ಹೋದ ವರ್ಷವೂ ಮುಂದಿನ ವರ್ಷವೇ ಆಗಿತ್ತು.

108ರಲ್ಲಿ ಡ್ರೈವರಿಗೆ ಪೈಲಟ್ ಅನ್ನುತ್ತಾರೆ. ಸಂಕ ದಾಟುವಾಗ ಆತ ಮುಂದೆ ಹಿಡಿದಿದ್ದ. ದಾಟಿದ ಮೇಲೆ ಹುಡುಗಿ "ಪೈಲಟ್, ನಿಧಾನ" ಅಂದಿದ್ದು ದೊಡ್ಡಪ್ಪನ ಕಿವಿಗೆ ಬಿತ್ತು.

"ನೀನು ಪೈಲಟ್ಟಾ ಮಾರಾಯ?"

"ಹೌದಜ್ಜಾ."

"ಹಂಗಾದ್ರೆ ಸೋಗಾನೆ ಎಲ್ಲಿ ಅಂತ ತೋರ್ಸಿಡು. ಮುಂದಿನ ಸಲ ಅಲ್ಲೇ ಹೋಗಿ ಬೀಳ್ತೀನಿ."