ಆಕಿ ಬರೇ ಜೋಡಿ ಹೋಗಿಲ್ಲ

ನಿನ್ನೆಯಿಂದ ಒಂದು ಮಾತು ತಲೆಯಲ್ಲಿ ಕೊರೀತಿದೆ. ಬರೆಯದೆ ಸಮಾಧಾನ ಆಗೋದಿಲ್ಲ.

ವಿಜಯಪುರದಲ್ಲಿ ನಾದಿನಿ ಮಗಳ ಕುಬಸ ಇತ್ತು. ಊಟ ಆಗಿ ಎಲ್ಲರೂ ಗೋಡೆಗೆ ಆತು ಕೂತಾಗ ಹುಡುಗರು ಟಿವಿಗೆ ಯೂಟ್ಯೂಬ್ ಹಚ್ಚಿದರು. ಗಂಡ ಹೆಂಡತಿ ಇಬ್ಬರೇ, ಸಣ್ಣ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟ್ತಿದ್ದಾರೆ. ಸುತ್ತ ನೀರು, ಮೇಲೆ ಆಕಾಶ, ಬೇರೇನೂ ಇಲ್ಲ. ನಾನು ಕಣ್ಣು ಕೀಳದೆ ನೋಡ್ತಿದ್ದೆ. ಅಷ್ಟರಲ್ಲಿ ನಮ್ಮ ಸೋದರಮಾವ ಅಂದರು: "ಗಂಡಸು ಭಾಳ ಗಟ್ಟಿ ಅದಾನ ನೋಡ್ರಿ. ಆಕಿ ಏನು, ಜೋಡಿ ಹೋಗ್ಯಾಳ."

ಎಲ್ಲರೂ ಹೂಂ ಅಂದರು. ಹೆಣ್ಣುಮಕ್ಕಳೂ ಅಂದರು.

"ಮಾವ, ರಾತ್ರಿ ಆತ ಮಲಗಿದಾಗ ದೋಣಿ ಯಾರು ನೋಡ್ತಾರ್ರಿ?" ಅಂತ ಕೇಳಿದೆ.

"ರಾತ್ರಿ ಎಲ್ಲೆರ ನಿಲ್ಲಸ್ತಾರ ಬಿಡವ್ವಾ."

ಎಲ್ಲಿ ನಿಲ್ಲಿಸೋದು? ನಡುಗಡಲಲ್ಲಿ ಮೂರ್ನಾಲ್ಕು ಕಿಲೋಮೀಟರ್ ಆಳ, ಲಂಗರು ತಳ ಮುಟ್ಟೋದೇ ಇಲ್ಲ. ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ ಹತ್ತಿರ ಹತ್ತಿರ 5,000 ಕಿಲೋಮೀಟರ್. ದೋಣಿಯ ವೇಗ ಸೈಕಲ್ ತುಳಿದಷ್ಟು. ಜೂನ್‌ನಿಂದ ನವೆಂಬರ್‌ವರೆಗೆ ಆ ಕಡೆ ಚಂಡಮಾರುತದ ಕಾಲ ಅಂತ ಅದು ಮುಗಿಯೋ ಹೊತ್ತಿಗೆ ಹೊರಟು, ಈಶಾನ್ಯದ ವಾಣಿಜ್ಯ ಮಾರುತವನ್ನು ಬೆನ್ನಿಗಿಟ್ಟುಕೊಂಡರೂ ಮೂರು ವಾರ ಬೇಕು. ಮೂರು ವಾರ ಹಗಲೂ ರಾತ್ರಿ ದೋಣಿ ಓಡ್ತಾನೇ ಇರುತ್ತದೆ. ಅದಕ್ಕೇ ಅಲ್ಲಿ ಪಾಳಿ. ಮೂರು ತಾಸು ಆತ, ಮೂರು ತಾಸು ಆಕೆ. ಅಷ್ಟೂ ದಿನ ಇಬ್ಬರೂ ಒಂದೇ ಹೊತ್ತಿಗೆ ಕಣ್ಣು ಮುಚ್ಚೋ ಹಾಗಿಲ್ಲ.

ದೂರದಲ್ಲಿ ಚುಕ್ಕಿಯಷ್ಟು ದೀಪ ಕಂಡ ಸರಕು ಹಡಗು ಇಪ್ಪತ್ತು ನಿಮಿಷದಲ್ಲಿ ಮೈಮೇಲೆ ಬಂದಿರಬಹುದು. ಗಾಳಿ ಜೋರಾಯಿತು ಅಂದರೆ ಹಾಯಿ ಕುಗ್ಗಿಸಬೇಕು, ತಡ ಮಾಡಿದರೆ ಹಾಯಿ ಹರಿಯುತ್ತದೆ, ಕಂಬ ಮುರಿಯುತ್ತದೆ. ಮಲಗಿದವರನ್ನು ಈಗಲೇ ಎಬ್ಬಿಸಬೇಕೋ, ಇನ್ನೊಂದು ತಾಸು ನಿದ್ದೆ ಮಾಡಲಿ ಅಂತ ಬಿಡಬೇಕೋ, ಆ ಕತ್ತಲಲ್ಲಿ ಒಬ್ಬಳೇ ಕೂತು ತೀರ್ಮಾನ ಮಾಡಬೇಕು. ಪಾಳಿಯಲ್ಲಿದ್ದವರು ಎದೆಗೆ ಬೆಲ್ಟು ಕಟ್ಟಿ ಅದರ ಪಟ್ಟಿ ದೋಣಿಗೆ ಸಿಕ್ಕಿಸಿಕೊಂಡಿರುತ್ತಾರೆ. ಕೆಳಗೆ ಮಲಗಿದವರನ್ನು ಎಬ್ಬಿಸದೆ ಒಬ್ಬರೇ ಮುಂದಿನ ಹಾಯಿ ಹತ್ತಿರ ಹೋಗಬಾರದು ಅಂತ ಎಷ್ಟೋ ಗಂಡ ಹೆಂಡಿರು ತಮ್ಮತಮ್ಮಲ್ಲೇ ಕಟ್ಟುಪಾಡು ಮಾಡಿಕೊಂಡಿರುತ್ತಾರೆ. ಬಿದ್ದದ್ದು ಗೊತ್ತಾಗದೆ ದೋಣಿ ಮುಂದೆ ಹೋಗಿಬಿಟ್ಟರೆ ಮುಗೀತು. ಆತ ನಿಶ್ಚಿಂತೆಯಿಂದ ಮಲಗಿದ್ದಾನೆ ಅಂದರೆ ತನ್ನ ಜೀವ ಆಕೆ ಕೈಯಲ್ಲಿಟ್ಟು ಮಲಗಿದ್ದಾನೆ. ಇದಕ್ಕೆ ಜೋಡಿ ಹೋಗೋದು ಅಂತಾರಾ?

ನಮ್ಮ ಇಂಡಿ ಕಡೆಯವರಿಗೆ ಇದು ತಿಳಿಯದ್ದಲ್ಲ. ನಮ್ಮ ನಿಂಬಿ ತೋಟ ನಿಮಗೆಲ್ಲ ಗೊತ್ತು. ತ್ರೀ ಫೇಸ್ ಕರೆಂಟ್ ರಾತ್ರಿ ಬಂತು ಅಂದರೆ ರಾತ್ರಿಯೇ ನೀರು ಹಾಯಿಸಬೇಕು. ಇವರು ಶೆಡ್ಡಿನಲ್ಲಿ ಅಡ್ಡಾದಾಗ ನಾನು ಬ್ಯಾಟರಿ ಹಿಡಿದು ಗಿಡದಿಂದ ಗಿಡಕ್ಕೆ ನಡೀತೀನಿ. ಹಾವು ನೋಡಬೇಕು, ನೀರು ಬದು ಒಡೆದು ಪಕ್ಕದವರ ಹೊಲಕ್ಕೆ ಹೋಗದ ಹಾಗೆ ನೋಡಬೇಕು, ಬೋರಿನ ನೀರು ಸಣ್ಣಗಾದರೆ ಮೋಟರ್ ಸುಡೋ ಮೊದಲು ಓಡಿಹೋಗಿ ಬಂದ್ ಮಾಡಬೇಕು. ಎರಡು ಗಂಟೆಗೆ ಅವರು ಏಳ್ತಾರೆ, ನಾನು ಮಲಗ್ತೀನಿ. ಹನ್ನೆರಡು ವರ್ಷದಿಂದ ಹೀಗೇ. ಊರಿನವರ ಬಾಯಲ್ಲಿ ಮಾತ್ರ ಅದು ಇವರ ತೋಟ, ನಾನು ಜೋಡಿ ಇರೋಕಿ.

ಮಾವ ಇನ್ನೊಂದು ಮಾತು ಅಂದರು, ಹಗ್ಗ ಎಳೆಯೋಕೆ ಗಂಡಸಿನ ತೋಳೇ ಬೇಕು ಅಂತ. ಹಾಯಿಯ ಹಗ್ಗವನ್ನು ಬರಿಗೈಯಲ್ಲಿ ಎಳೆಯೋದಿಲ್ಲ. ವಿಂಚ್ ಅಂತ ಇರುತ್ತದೆ, ಹಗ್ಗ ಅದಕ್ಕೆ ಸುತ್ತಿ ಹಿಡಿಕೆ ತಿರುಗಿಸೋದು. ಕೈಯ ಬಲವನ್ನು ಅದು ಎಷ್ಟೋ ಪಟ್ಟು ಮಾಡಿ ಕೊಡುತ್ತದೆ. ಬಾವಿಯ ಗಡಗಡಿಯಲ್ಲಿ ತುಂಬಿದ ಕೊಡ ಸೇದಿದ ಹೆಂಗಸರ ಮುಂದೆ ಈ ತೋಳಿನ ಮಾತು ನಿಲ್ಲೋದಿಲ್ಲ.

ಅಲ್ಲೇ ಹೇಳಬೇಕಿತ್ತು, ಸಿಟ್ಟಿನಲ್ಲಿ ನೆನಪಾಗಲಿಲ್ಲ. ಬ್ರಿಟನ್ನಿನ ಮಾರಿಸ್ ಮತ್ತು ಮರಲಿನ್ ಬೇಲಿ ಅನ್ನೋ ಗಂಡ ಹೆಂಡತಿ. 1973ರ ಮಾರ್ಚ್ 4ರಂದು ಪೆಸಿಫಿಕ್‌ನಲ್ಲಿ ತಿಮಿಂಗಿಲ ಬಡಿದು ಅವರ ದೋಣಿ ಮುಳುಗಿತು. ಉಳಿದದ್ದು ಗಾಳಿ ತುಂಬಿದ ತೆಪ್ಪ, ಒಂದು ಪುಟ್ಟ ರಬ್ಬರ್ ದೋಣಿ. ಮಳೆನೀರು ಹಿಡಿದು ಕುಡಿದರು, ಆಮೆ, ಮೀನು, ಕಡಲಹಕ್ಕಿ ಹಸಿಯಾಗಿ ತಿಂದರು. ಹಡಗುಗಳು ಕಣ್ಣೆದುರೇ ಬಂದು ಇವರನ್ನು ಕಾಣದೆ ಹೋದವು. ಜೂನ್ 30ರಂದು ಕೊರಿಯಾದ ಮೀನುಗಾರರ ಹಡಗು ಎತ್ತಿಕೊಂಡಿತು. ಮರಲಿನ್‌ಗೆ ಈಜು ಬರುತ್ತಿರಲಿಲ್ಲ. ಸೇಫ್ಟಿ ಪಿನ್ ಬಗ್ಗಿಸಿ ಗಾಳ ಮಾಡಿದ್ದು ಆಕೆ. ಗಂಡ ಇನ್ನು ಮುಗೀತು ಅಂತ ಕುಸಿದಾಗ ಬದುಕೇ ಬದುಕ್ತೀವಿ ಅಂತ ಹಟ ಹಿಡಿದದ್ದೂ ಆಕೆ. ಆಮೇಲೆ ಹೊಸ ದೋಣಿ ಮಾಡಿಕೊಂಡು ಇಬ್ಬರೂ ಮತ್ತೆ ಕಡಲಿಗೆ ಹೋದರು.

ಅಷ್ಟು ದೂರ ಯಾಕೆ, ಬೆಳಗಾವಿಯ ಘಟ್ಟ ಇಳಿದರೆ ಗೋವಾ. ಅಲ್ಲಿಂದ 2024ರ ಅಕ್ಟೋಬರ್ 2ರಂದು ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ 'ತಾರಿಣಿ' ಹಾಯಿದೋಣಿಯಲ್ಲಿ ಹೊರಟರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಾಕ್‌ಲ್ಯಾಂಡ್, ದಕ್ಷಿಣ ಆಫ್ರಿಕಾದಲ್ಲಿ ನಿಂತು, ಭೂಮಿ ಸುತ್ತು ಹಾಕಿ 2025ರ ಮೇ 29ಕ್ಕೆ ಗೋವಾ ಸೇರಿದರು. ಆ ದೋಣಿಯಲ್ಲಿ ಯಾರು ಯಾರ ಜೋಡಿ ಹೋಗಿದ್ದರು, ಮಾವ ಹೇಳಲಿ.

ಈಗ ಮಾವನನ್ನು ಬಿಟ್ಟು ನನ್ನ ಮಾತು ಹೇಳಬೇಕು. ಹೋದ ವಾರ ಡ್ರಿಪ್ ಪೈಪಿನ ಸಾಲಕ್ಕೆ ಜಂಟಿ ಅರ್ಜಿ ತುಂಬೋಕೆ ಹೋಗಿದ್ದೆವು. ಕೌಂಟರಿನಲ್ಲಿದ್ದ ಹುಡುಗ "ಅಕ್ಕಾರ, ನೀವೇನ್ ಮಾಡ್ತೀರಿ?" ಅಂದ. ಮರ್ಯಾದೆಯಿಂದಲೇ ಕೇಳಿದ. "ಏನಿಲ್ಲಪಾ, ಮನಿಯಾಗ ಇರ್ತೀನಿ" ಅಂದೆ. ಆ ಖಾನೆಯಲ್ಲಿ ಗೃಹಿಣಿ ಅಂತ ಬರೆದ. ಹಿಂದಿನ ರಾತ್ರಿ ಎರಡು ಗಂಟೆವರೆಗೆ ತೋಟದಲ್ಲಿದ್ದೆ, ಅಂಗಾಲಿನಲ್ಲಿ ನಿಂಬಿ ಮುಳ್ಳು ಇನ್ನೂ ಚುಚ್ಚುತ್ತಿತ್ತು. ಇವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ನಿನ್ನೆ ಮಾವನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಅರ್ಜಿ ಇನ್ನೂ ಮುಂದೆ ಹೋಗಿಲ್ಲವಂತೆ. ಸೋಮವಾರ ಇಂಡಿಗೆ ಹೋಗಿ ಆ ಖಾನೆ ತಿದ್ದಿಸಿ ಬರ್ತೀನಿ.