ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ

ಶಾಲೆಯ ಪ್ರಾಜೆಕ್ಟಿಗೆ ಮಕ್ಕಳು ಮಾಡಿದ ಒಂದು ಮ್ಯೂಸಿಕ್ ವಿಡಿಯೋ ಈಗಷ್ಟೇ ನೋಡಿ ಮುಗಿಸಿದೆ. ಮೊದಲೇ ರೆಕಾರ್ಡ್ ಆದ ಹಾಡಿಗೆ ತುಟಿ ಕೂಡಿಸುತ್ತಾ ಹುಡುಗಿ ಕ್ಯಾಮೆರಾಕ್ಕೆ ಒಂದಿಷ್ಟೂ ಅಂಜದೆ ಹಾಡಿದ್ದಾಳೆ. ಮೆಟ್ಟಿಲು ಇಳಿದು ಬರುವ ಶಾಟ್ ಇದೆಯಲ್ಲ, ಹೊಟ್ಟೆಕಿಚ್ಚಾಯಿತು ಅಂತಲೇ ಇಟ್ಟುಕೊಳ್ಳಿ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ತುಟಿ ಮುಚ್ಚಿದ ಮೇಲೂ ದನಿ ಬರುತ್ತಿದೆ. ಕೊನೆಯ ಪಲ್ಲವಿಯಲ್ಲಂತೂ ಆಕೆ ಹಾಡಿ ಮುಗಿಸಿ ನಕ್ಕಾಗಿದೆ, ಹಾಡು ಇನ್ನೂ ಎಳೆಯುತ್ತಲೇ ಇದೆ. ಮೇಷ್ಟ್ರ ಷರಾ: "ಎಡಿಟಿಂಗ್ ಸುಧಾರಿಸಬೇಕು."

ಎಡಿಟಿಂಗ್ ಅಂತೆ! ಶೂಟಿಂಗ್ ದಿನ ಹತ್ತು ಜನ ಸೇರಿ ಕೆಡಿಸಿದ್ದನ್ನು ಕಂಪ್ಯೂಟರ್ ಮುಂದೆ ಒಬ್ಬನೇ ಕೂತವನ ತಲೆಗೆ ಕಟ್ಟುವುದು ಯಾವ ನ್ಯಾಯ?

ಆ ತುಟಿ ಯಾಕೆ ಜಾರಿತು ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮೊದಲ ಸಾಲು ಸರಿಯಾಗಿದ್ದು ಆಮೇಲೆ ಬರಬರುತ್ತಾ ದೂರವಾದರೆ ಅದು ಹೆಚ್ಚಾಗಿ ಮೊಬೈಲಿನ ಫ್ರೇಮ್ ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ತೆಗೆಯುತ್ತದೆ ಅನ್ನುವುದರ, ಕಿತಾಪತಿ. ಸೆಟಿಂಗ್‌ನಲ್ಲಿ 30 ಅಂತ ಬರೆದಿರುತ್ತದೆ, ಆದರೆ ಬೆಳಕು ಕಡಿಮೆಯಾದಾಗ ಅಥವಾ ಮೊಬೈಲ್ ಬಿಸಿಯಾದಾಗ ಅದು ಸದ್ದಿಲ್ಲದೆ ಫ್ರೇಮ್ ಬಿಡುತ್ತದೆ. ಸರಾಸರಿ 29.9 ಬಿತ್ತು ಅಂತಿಟ್ಟುಕೊಳ್ಳಿ. 180 ಸೆಕೆಂಡಿನ ಟೇಕ್‌ನಲ್ಲಿ 5400 ಫ್ರೇಮ್ ಇರಬೇಕಿತ್ತು, ಇರುವುದು 5382. ಕೆಲವು ಎಡಿಟಿಂಗ್ ಆ್ಯಪ್‌ಗಳು ಅದನ್ನೇ ನೆಟ್ಟಗೆ 30 ಅಂತ ಓಡಿಸುತ್ತವೆ. ಹಾಡಿನ ಕೊನೆಗೆ ತುಟಿ 0.6 ಸೆಕೆಂಡ್ ಮುಂದೆ ಓಡಿರುತ್ತದೆ. ಲಿಪ್ ಸಿಂಕ್‌ನಲ್ಲಿ, ಅಂದರೆ ತುಟಿ-ದನಿ ಹೊಂದಾಣಿಕೆಯಲ್ಲಿ, ಮೂರು ಫ್ರೇಮ್ ತಪ್ಪಿದರೇ ಕಣ್ಣಿಗೆ ಕಿರಿಕಿರಿ, ಇಲ್ಲಿ 18.

ಇದಕ್ಕೆ ಮದ್ದು ಶೂಟಿಂಗ್ ದಿನವೇ ಇದೆ: ಬೆಳಕು ಚೆನ್ನಾಗಿರುವ ಕಡೆ ನಿಲ್ಲಿಸಿ, ಫ್ರೇಮ್ ರೇಟ್ ಮತ್ತು ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬಿಡುವ ಅವಧಿ) ಲಾಕ್ ಮಾಡಲು ಬಿಡುವ ಕ್ಯಾಮೆರಾ ಆ್ಯಪ್ ಬಳಸಿ, ಏರೋಪ್ಲೇನ್ ಮೋಡ್ ಹಾಕಿ. ಆಮೇಲೂ ಅನುಮಾನ ಇದ್ದರೆ ಎಡಿಟಿಂಗ್ ಶುರು ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಎಲ್ಲ ಕ್ಲಿಪ್‌ಗಳನ್ನೂ 30, ಕಾನ್‌ಸ್ಟಂಟ್ ಫ್ರೇಮ್‌ರೇಟ್ (ಅಂದರೆ ಸೆಕೆಂಡಿಗೆ ಯಾವಾಗಲೂ 30) ಅಂತ ಆರಿಸಿ ಒಮ್ಮೆ ಹೊರತೆಗೆಯಿರಿ. ಕ್ಲಿಪ್‌ಗಳನ್ನು ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಬೇಡಿ, ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ. ಕೇಬಲ್ ಇಲ್ಲದಿದ್ದರೆ ಡಾಕ್ಯುಮೆಂಟ್ ಆಗಿಯಾದರೂ ಕಳಿಸಿ.

ಇನ್ನು ದೊಡ್ಡ ಪಾಪ. ಹಾಡೇ ಲಾಕ್ ಆಗಿರುವುದಿಲ್ಲ! ಶೂಟಿಂಗ್‌ನಲ್ಲಿ ಒಂದು ವರ್ಷನ್, ಎಡಿಟಿಂಗ್ ಟೇಬಲ್‌ಗೆ ಬರುವುದು ಇನ್ನೊಂದು. ಸಂಗೀತದ ತಂಡ ನಡುವೆ "ಸ್ವಲ್ಪ ಜೋಶ್ ಕಮ್ಮಿ" ಅಂದುಕೊಂಡು ಬಿಪಿಎಂ (ನಿಮಿಷಕ್ಕೆ ಎಷ್ಟು ತಾಳದ ಪೆಟ್ಟು ಅನ್ನುವ ಲೆಕ್ಕ) 96 ಇದ್ದದ್ದನ್ನು 100 ಮಾಡಿರುತ್ತದೆ. ನಾಲ್ಕೇ ತಾನೇ? ಮೂರು ನಿಮಿಷದ ಹಾಡು 172.8 ಸೆಕೆಂಡಿಗೆ ಮುಗಿದುಹೋಗುತ್ತದೆ. ಆ ಏಳು ಸೆಕೆಂಡನ್ನು ಎಡಿಟರ್ ಎಲ್ಲಿಂದ ತರಬೇಕು, ಜೇಬಿನಿಂದಲೇ?

ನಾಗ್ರಾ ಟೇಪ್ ರೆಕಾರ್ಡರಿನಲ್ಲಿ ಹಾಡು ಹಾಕಿ ಶೂಟ್ ಮಾಡುತ್ತಿದ್ದ ಕಾಲದಲ್ಲೂ ಕಟ್ಟಳೆ ಇಷ್ಟೇ: ಹಾಡು ಮೊದಲು, ಕ್ಯಾಮೆರಾ ಆಮೇಲೆ. ಮಿಕ್ಸ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ್ದು) ಅರೆಬರೆ ಇದ್ದರೂ ಪರವಾಗಿಲ್ಲ, ಉದ್ದ ಮತ್ತು ಲಯ ಬದಲಾಗಕೂಡದು. ಆ ಫೈಲಿನ ಆರಂಭಕ್ಕೆ ತಾಳಕ್ಕೆ ಸರಿಯಾಗಿ ಮೂರು ಬೀಪ್ ಸೇರಿಸಿ. ಹಾಡುವವರಿಗೆ ಉಸಿರು ಎಳೆದುಕೊಳ್ಳಲು ಸಮಯ ಸಿಗುತ್ತದೆ, ಎಡಿಟರ್‌ಗೆ ಟೈಮ್‌ಲೈನ್‌ನಲ್ಲಿ (ಚಿತ್ರ, ಧ್ವನಿಯನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಕೂರಿಸಲು ಮೂರು ಚೂಪು ಗೆರೆ ಸಿಗುತ್ತವೆ. ಸ್ಪೀಕರ್ ಹಾಡುವವರ ಹತ್ತಿರ ಇರಲಿ. ಕ್ಯಾಮೆರಾದ ಮೈಕ್ ಆನ್ ಇರಲಿ, ಅದರ ಧ್ವನಿ ಕೊನೆಗೆ ಬಿಸಾಡುವುದೇ ಆದರೂ ಸಿಂಕ್ ಮಾಡಲು ಅದೇ ಆಧಾರ. ಕ್ಯಾಮೆರಾ 30 ಮೀಟರ್ ದೂರ ಹೋದರೆ ಮಾತ್ರ ಹುಷಾರು: ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಷ್ಟು ದೂರದ ಮೈಕ್‌ಗೆ ಹೆಚ್ಚುಕಡಿಮೆ 0.09 ಸೆಕೆಂಡ್ ತಡವಾಗಿ ಮುಟ್ಟುತ್ತದೆ. 30ರ ಟೈಮ್‌ಲೈನ್‌ನಲ್ಲಿ ಎರಡೂವರೆ ಫ್ರೇಮ್ ಮೀರಿತು. ಅಲ್ಲಿ ಸಾಫ್ಟ್‌ವೇರ್ ಕೂರಿಸಿದ್ದನ್ನು ನಂಬದೆ ಕಣ್ಣಿನಿಂದ ಸರಿಮಾಡಿ.

ಮತ್ತೆ, ದಯವಿಟ್ಟು ಬಾಯಿ ಬಿಟ್ಟು ಹಾಡಿಸಿ. ಶ್ರುತಿ ತಪ್ಪಲಿ, ಯಾರು ಕೇಳ್ತಾರೆ? ಸುಮ್ಮನೆ ತುಟಿ ಆಡಿಸಿದರೆ ಕುತ್ತಿಗೆ ಅಲ್ಲಾಡುವುದಿಲ್ಲ, ಎದೆ ಏರುವುದಿಲ್ಲ, ಮೀನು ನೀರು ಕುಡಿದ ಹಾಗೆ ಕಾಣುತ್ತದೆ. ಸ್ಲೋ ಮೋಷನ್ ಬೇಕಾ? 60ರಲ್ಲಿ ಶೂಟ್ ಮಾಡಿ, ಆದರೆ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿ, ಅದರ ಜೊತೆಗೇ ಓಡೋಡಿ ಹಾಡಿಸಿ. ಆಮೇಲೆ 30ರ ಟೈಮ್‌ಲೈನ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಕೂದಲು ನಿಧಾನಕ್ಕೆ ಹಾರುತ್ತದೆ, ತುಟಿ ಹಾಡಿಗೇ ಅಂಟಿಕೊಂಡಿರುತ್ತದೆ. ಇದನ್ನು ಮೊದಲೇ ಯೋಚಿಸದವರು ಆಮೇಲೆ ಎಡಿಟರ್ ಹತ್ತಿರ ಬಂದು "ಈ ಶಾಟ್ ಸ್ವಲ್ಪ ಸ್ಲೋ ಮಾಡೋ" ಅನ್ನುತ್ತಾರೆ. ಮಾಡಬಹುದು. ಹಾಡುವವಳು ನಿದ್ದೆಗಣ್ಣಲ್ಲಿ ಇದ್ದ ಹಾಗೆ ಕಾಣುತ್ತಾಳೆ, ಅಷ್ಟೇ.

"ಅಯ್ಯೋ, ಮಕ್ಕಳ ಪ್ರಾಜೆಕ್ಟು ರೀ, ಇಷ್ಟು ಕಟ್ಟುನಿಟ್ಟು ಯಾಕೆ, ಕಲ್ಪನೆ ಮುಖ್ಯ ಅಲ್ವಾ" ಅನ್ನುವವರು ಇದ್ದೇ ಇರುತ್ತೀರಿ. ಕಲ್ಪನೆಗೆ ಕೊರತೆ ಎಲ್ಲಿತ್ತು? ಆ ಮೆಟ್ಟಿಲ ಶಾಟ್ ನೋಡಿದಿರಲ್ಲ! ಕೊರತೆ ಇದ್ದದ್ದು ಒಂದು ಹಾಳೆಯದು. ಸಮಯ, ಸಾಲು, ಜಾಗ, ಶಾಟ್ ಗಾತ್ರ, ಯಾರು ಇರಬೇಕು, ಐದು ಕಾಲಂ ಎಳೆದರೆ ಮುಗಿಯಿತು. ಪ್ರತಿ ಮುಖ್ಯ ಜಾಗದಲ್ಲಿ ಇಡೀ ಹಾಡು ವೈಡ್ (ದೂರದಿಂದ), ಮಿಡ್ (ಸೊಂಟದಿಂದ ಮೇಲೆ), ಕ್ಲೋಸ್ (ಮುಖ ಮಾತ್ರ), ತಲಾ ಎರಡು ಟೇಕ್. ಮೂರು ನಿಮಿಷದ ಹಾಡಾದರೆ ಹಾಡಿದ್ದು 18 ನಿಮಿಷ, ತಯಾರಿ, ನಗು, ಜಗಳ ಸೇರಿ ಒಂದೂವರೆ ಗಂಟೆ. ಒಂದೇ ಚರಣ ತೆಗೆಯುವುದಾದರೆ ಎರಡು ಸಾಲು ಹಿಂದಿನಿಂದ ಹಾಡು ಹಾಕಿ. ಕೊನೆಗೆ ಕೈ, ಕಾಲು, ಕಿಟಕಿ, ವಾದ್ಯ, ಹೀಗೆ ಐದಾರು ಸೆಕೆಂಡಿನ ಹತ್ತು ಹದಿನೈದು ತುಣುಕು ಕಡ್ಡಾಯ. ತಪ್ಪು ಮುಚ್ಚುವ ಬಟ್ಟೆ ಅದೊಂದೇ. ಇವತ್ತು ನೋಡಿದ ವಿಡಿಯೋದಲ್ಲಿ ಅಂಥದ್ದು ಒಂದೂ ಇರಲಿಲ್ಲ, ಪಾಪ ಎಡಿಟರ್ ಅದೇ ಮೋಡವನ್ನು ನಾಲ್ಕು ಸಲ ತೋರಿಸಿದ್ದಾನೆ.

ಈಗಾಗಲೇ ಕೆಟ್ಟಿದ್ದರೆ? ಟೇಕನ್ನು 15 ಸೆಕೆಂಡಿನ ತುಂಡು ಮಾಡಿ, ಒಂದೊಂದನ್ನೂ ಬೇರೆಯಾಗಿ ಕೂರಿಸಿ. ಸಾಹಿತ್ಯದಲ್ಲಿ ಪ, ಬ, ಮ ಹುಡುಕಿ. ತುಟಿ ಎರಡೂ ಮುಚ್ಚಲೇಬೇಕಾದ ಅಕ್ಷರಗಳು ಅವು. 'ಮನಸು' ಅನ್ನುವ ಪದ ಇದ್ದರೆ, ದನಿಯಲ್ಲಿ 'ಮ' ಗುಂಯ್ ಅನ್ನುವ ಫ್ರೇಮಿಗೆ ತುಟಿ ಮುಚ್ಚಿರುವ ಚಿತ್ರ ಬರುವವರೆಗೆ ಒಂದೊಂದೇ ಫ್ರೇಮ್ ಸರಿಸಿ. 'ಅ' ನೋಡಿ ಕೂರಿಸಲು ಹೋದರೆ ಬೆಳಗಾಗುತ್ತದೆ. ತುಂಡು ಸೇರುವ ಕಡೆ ಮೋಡವೋ ಕಾಲೋ ಹಾಕಿ.

ಇಷ್ಟೆಲ್ಲ ಮಾಡಿ, ಪ್ರದರ್ಶನದ ದಿನ ಲ್ಯಾಪ್‌ಟಾಪಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸುತ್ತಾರೆ ನೋಡಿ, ಅಲ್ಲಿ ನನ್ನ ಬಿಪಿ ಏರುತ್ತದೆ. ಎಷ್ಟೋ ಸಲ ಧ್ವನಿ ಮತ್ತೆ ಹಿಂದೆ ಬೀಳುತ್ತದೆ. ಮೊದಲು ಒಂದು ವೈರ್ ಹುಡುಕಿ ಸಿಕ್ಕಿಸಿ. ಆಗಲೂ ತುಟಿ ತಪ್ಪಿದರೆ ಎಡಿಟರನ್ನು ಕರೆಸಿ ಬೈಯಿರಿ.